ಜೇನುಪೆಟ್ಟಿಗೆಗೆ ಹೊಂದಿದ ಶಾಕ್ ಅಬ್ಸಾರ್ಬರ್

ಕೊಡಗು ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ. ಚೆಟ್ಟಳ್ಳಿಯ ನಮ್ಮ ತೋಟಕ್ಕೆ ನಾನೊಂದು ಹಳೆಯ ಪಿಕಪ್ ಕೊಂಡಿದ್ದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಗಾಡಿ. ಕೈಯಿಂದ ಕೈಗೆ ದಾಟಿ ಕೊನೆಗೆ ನನ್ನ ಪಾಲಿಗೆ ಬಂದಿತ್ತು. ಎಂಜಿನ್ನು ಗಟ್ಟಿಮುಟ್ಟಾಗಿತ್ತು, ಕುಲುಕಾಟ ಮಾತ್ರ ಹೇಳತೀರದು. ಒಂದು ಗುಂಡಿಗೆ ಇಳಿದು ಹತ್ತಿದರೆ ಮುಂದಿನ ಗುಂಡಿ ಸಿಗುವವರೆಗೂ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಕಾಫಿ ಮೂಟೆಗೇನು ನೋವಾಗುತ್ತದೆ ಎಂದು ನಾನು ಹಾಗೇ ಓಡಿಸುತ್ತಿದ್ದೆ.

ಹಾಗೇ ಬಿಡಲು ಒಪ್ಪದವಳು ನನ್ನ ಹೆಂಡತಿ. ಅವಳ ತವರು ಸಂಪಾಜೆ. ಅವಳ ಅಪ್ಪ ಅಲ್ಲಿ ಕಾಡಂಚಿನಲ್ಲಿ ಪೆಟ್ಟಿಗೆಯಿಟ್ಟು ಜೇನು ಸಾಕುತ್ತಿದ್ದರು, ಅವಳೂ ಆ ಕೆಲಸದಲ್ಲೇ ಬೆಳೆದವಳು. ಮದುವೆಯಾದ ಮೊದಲ ವರ್ಷ, ನಮ್ಮ ಕಾಫಿ ಹೂ ಬಿಡುವ ಹೊತ್ತಿಗೆ ತವರಿನಿಂದ ಕೆಲವು ಪೆಟ್ಟಿಗೆ ತರಿಸಿಕೊಂಡಳು. ಘಾಟಿ ಹತ್ತಿ ಮನೆ ಸೇರುವಷ್ಟರಲ್ಲಿ ಹುಳುಗಳು ಮೇಣದಿಂದ ಕಟ್ಟಿದ್ದ ಎರಿಗಳು ಒಂದಕ್ಕೊಂದು ಬಡಿದು ಮುರಿದುಬಿದ್ದಿದ್ದವು. ಹುಳುಗಳು ಎರಡೇ ದಿನಕ್ಕೆ ಪೆಟ್ಟಿಗೆ ಬಿಟ್ಟು ಹಾರಿಹೋದವು. ಅವಳು ನನ್ನನ್ನು ಬೈಯಲಿಲ್ಲ. ಖಾಲಿ ಪೆಟ್ಟಿಗೆಗಳನ್ನು ತೊಳೆದು ಅಟ್ಟಕ್ಕೆ ಹಾಕಿದಳು, ಅಷ್ಟೆ.

ಮರುವರ್ಷ ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿತ್ತು. ಇನ್ನೊಂದು ವಾರದಲ್ಲಿ ತೋಟ ಬೆಳ್ಳಗಾಗುತ್ತದೆ. ಬೆಳಗಿನ ಕಾಫಿ ಕೊಡುತ್ತಾ ಅವಳು, "ಈ ಸಲವೂ ಪೆಟ್ಟಿಗೆ ತರುವ. ಆದ್ರೆ ಮೊದಲು ನಿಮ್ಮ ಗಾಡಿ ಸರಿ ಮಾಡ್ಸಿ," ಎಂದಳು.

ಅವಳನ್ನೂ ಕರೆದುಕೊಂಡು ಮಡಿಕೇರಿಗೆ ಹೋದೆ. ಅಲ್ಲಿ ಗಾಡಿ ರಿಪೇರಿ ಮಾಡುವ ಮಲಯಾಳಿ ಮೇಸ್ತ್ರಿಯೊಬ್ಬರಿದ್ದರು. ಎಲ್ಲರ ಬಾಯಲ್ಲೂ ಅವರು ಕಾಕ. ಕಾಕ ಪಿಕಪ್ಪಿನ ಹಿಂಭಾಗವನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ಅದು ಏಳುತ್ತಾ ಬೀಳುತ್ತಾ ಆಡತೊಡಗಿತು.

"ಶಾಕ್ ಸತ್ತುಹೋಗಿದೆ ಗೌಡ್ರೇ. ಒಳಗೆ ಎಣ್ಣೆಯೇ ಇಲ್ಲ. ಬೇರೆ ಹಾಕ್ಬೇಕು."

ಅವರ ಹತ್ತಿರ ಈ ಗಾಡಿಗೆ ಆಗುವಂಥ ಎರಡು ಜೊತೆ ಇದ್ದವು. ಒಂದು, ಯಾವುದೋ ದೊಡ್ಡ ಕಾರಿನಿಂದ ಬಿಚ್ಚಿದ್ದು, ಮೆತ್ತಗಿನದು. ಇನ್ನೊಂದು ಹೊಸದು, ಭಾರ ಹೊರುವ ಗಾಡಿಗೆಂದೇ ಮಾಡಿದ್ದು, ಗಟ್ಟಿ. ನನಗೆ ಯೋಚನೆಯೇ ಬೇಕಾಗಲಿಲ್ಲ. ಜೇನೆಂದರೆ ನಾಜೂಕು, ಅದಕ್ಕೆ ಮೆತ್ತಗಿನದೇ ಸರಿ ಎಂದೆ. ಹೆಂಡತಿ ಮಾತ್ರ ಕಾಕನ ಮುಖ ನೋಡಿ, "ಎರಡನ್ನೂ ಹಾಕಿ ಓಡ್ಸಿ ನೋಡ್ಬಹುದಾ?" ಎಂದು ಕೇಳಿದಳು.

ಕಾಕ ನಕ್ಕರು. "ಅದಕ್ಕೇನಮ್ಮ, ನೋಡಿ. ಬೇಡದ್ದು ನಂಗೆ ಇರ್ಲಿ."

ಅವಳು ಮನೆಯಿಂದಲೇ ಒಂದು ಪೆಟ್ಟಿಗೆ ತಂದಿದ್ದಳು. ಹುಳುವಿಲ್ಲ, ಚೌಕಟ್ಟಿನಲ್ಲಿ ಹೋದ ವರ್ಷ ಮುರಿಯದೆ ಉಳಿದಿದ್ದ ಹಳೆಯ ಎರಿ ಮಾತ್ರ. ಮೆತ್ತಗಿನ ಜೊತೆ ಹಾಕಿಸಿ ಹೊರಟಾಗ ಅವಳು ನನ್ನ ಪಕ್ಕ ಕೂರಲಿಲ್ಲ. ಹಿಂದೆ ಹತ್ತಿ, ಗೋಣಿ ಹಾಸಿಕೊಂಡು, ಪೆಟ್ಟಿಗೆಯ ಮುಚ್ಚಳ ತೆಗೆದು ಅದರೆದುರು ಕೂತಳು. ಚೆಟ್ಟಳ್ಳಿ ದಾರಿಯಲ್ಲಿ ನಮ್ಮ ನೆರೆಯ ತೋಟದ ಹಿರಿಯರೊಬ್ಬರು ಸಿಕ್ಕಿ ಗಾಡಿ ನಿಲ್ಲಿಸಿದರು.

"ಎಂತ ಮಾರಾಯ, ಹೆಂಡ್ತಿನ ಹಿಂದೆ ಕೂರ್ಸಿದ್ದೀಯ? ಜಗಳ ಆಯ್ತಾ?"

ನಾನು ಬಾಯಿ ಬಿಡುವ ಮೊದಲೇ ಹಿಂದಿನಿಂದ ಉತ್ತರ ಬಂತು. "ಇಲ್ಲ ಮಾವ, ನಾನೇ ಕೂತದ್ದು. ಮುಂದೆ ಕೂತ್ರೆ ಪೆಟ್ಟಿಗೆ ಕಾಣೂದಿಲ್ಲ."

ನನಗೆ ಆ ಸವಾರಿ ರೇಷ್ಮೆಯಂತಿತ್ತು. ಗೆದ್ದೆನೆಂದುಕೊಂಡು ಮಡಿಕೇರಿಗೆ ತಿರುಗಿದೆ. ಕಾಕ ಗಟ್ಟಿ ಜೊತೆ ಹಾಕಿಕೊಟ್ಟರು. ಈ ಸಲ ಸಣ್ಣ ಕಲ್ಲು ಸಿಕ್ಕರೂ ಸೀಟು ಬೆನ್ನಿಗೆ ಗುದ್ದಿ ಹೇಳುತ್ತಿತ್ತು. ಹಿಂದೆ ಕೂತವಳ ಗತಿಯೇನಾಗಿದೆಯೋ ಎಂದು ನಿಲ್ಲಿಸಿ ಇಳಿದು ನೋಡಿದರೆ, ಕೂದಲೆಲ್ಲ ಧೂಳಾಗಿ, ಮುಖ ಅರಳಿಸಿಕೊಂಡು ಕೂತಿದ್ದಾಳೆ.

"ಇದೇ ಇರ್ಲಿ," ಎಂದಳು.

"ಇದಾ? ನನ್ನ ಸೊಂಟ ಹೋಯ್ತು!"

"ನಿಮ್ಮ ಸೊಂಟಕ್ಕಲ್ಲ ನೋಡ್ತಿರೂದು. ಮೆತ್ತಗಿನದ್ರಲ್ಲಿ ತಿರುವು ಬಂದಾಗ ಗಾಡಿ ಒಂದು ಬದಿಗೆ ವಾಲಿ, ಎರಿ ಎಲ್ಲ ಪಕ್ಕಕ್ಕೆ ತೂಗಿ ತಾಗ್ತದೆ. ಇದ್ರಲ್ಲಿ ನಡುಗ್ತದೆ ಅಷ್ಟೆ, ತೂಗೂದಿಲ್ಲ. ಸಂಪಾಜೆ ಘಾಟಿಲಿ ಎಷ್ಟು ತಿರುವು ಉಂಟು, ನೀವೇ ಹೇಳಿ."

ಗಟ್ಟಿ ಜೊತೆಯೇ ನಮ್ಮದಾಯಿತು.

ಅದೇ ವಾರ ಸಂಪಾಜೆಗೆ ಹೋದೆವು. ಸಂಜೆ ಹುಳುಗಳೆಲ್ಲ ಒಳಸೇರಿದ ಮೇಲೆ ಪೆಟ್ಟಿಗೆಗಳ ಬಾಯಿ ಮುಚ್ಚಿದೆವು. ಬ್ರೇಕು ಹಾಕಿದಾಗ ಒಂದಕ್ಕೊಂದು ತಾಗಬಾರದೆಂದು, ಎರಿಗಳು ಗಾಡಿಯ ಉದ್ದಕ್ಕೇ ಇರುವಂತೆ ಅವಳು ಒಂದೊಂದನ್ನೂ ತಿರುಗಿಸಿಟ್ಟು ಹಗ್ಗ ಬಿಗಿದಳು. ನಸುಕಿನಲ್ಲಿ ಹೊರಟಾಗ ನನ್ನ ಮಾವ, ಅವಳ ಅಪ್ಪ, ತಾನೂ ಬರುತ್ತೇನೆಂದು ಮುಂದಿನ ಸೀಟಿಗೆ ಹತ್ತಿದರು. ಘಾಟಿಯುದ್ದಕ್ಕೂ ಅವರು ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಎಲೆಯಡಿಕೆ ಚೀಲ ಹಿಡಿದು "ಅಯ್ಯೋ ದೇವರೇ" ಎನ್ನುತ್ತಿದ್ದರು.

ಬಿಸಿಲೇರುವ ಮೊದಲೇ ತೋಟ ಸೇರಿದೆವು. ಗಿಡಗಳ ಮೇಲೆ ಹೂವು ಹಿಮ ಬಿದ್ದಂತೆ ಕೂತಿತ್ತು, ಆ ಪರಿಮಳಕ್ಕೆ ಮಾವ ಬೆನ್ನುನೋವನ್ನೇ ಮರೆತರು. ಹೆಂಡತಿ ಮೊದಲ ಪೆಟ್ಟಿಗೆಯ ಬಾಯಿ ತೆಗೆದು ಪಕ್ಕಕ್ಕೆ ಸರಿದು ಕೂತಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಹುಳು ಹೊರಬಂದು ಪೆಟ್ಟಿಗೆಯತ್ತ ಮುಖ ಮಾಡಿ ಗಾಳಿಯಲ್ಲೇ ನಿಂತು ಜಾಗ ಗುರುತು ಮಾಡಿಕೊಂಡಿತು. ಹಿಂದೆಯೇ ಮತ್ತೊಂದು, ಆಮೇಲೆ ಸಾಲುಸಾಲು. ಸಂಜೆ ಮುಚ್ಚಳ ತೆಗೆದು ನೋಡಿದಾಗ ಒಂದು ಎರಿಯೂ ಮುರಿದಿರಲಿಲ್ಲ.

ಮಾವ ಎರಡು ದಿನ ಇದ್ದು, ಹೆಂಡತಿಯ ಕೈಯ ಕಡುಬು ತಿಂದು ಹೊರಟರು. ಪಿಕಪ್ಪಿನಲ್ಲಿ ಬಿಟ್ಟುಬರುತ್ತೇನೆ ಎಂದೆ.

"ಬೇಡಪ್ಪ," ಎಂದು ಕೈಮುಗಿದರು. "ಅದು ಹುಳುಗಳಿಗೆ ಮಾಡಿದ ಗಾಡಿ. ನಂಗೆ ಬಸ್ಸೇ ಆದೀತು."