ಕಪಾಟಿನ ದೇವರು, ಡಬ್ಬಿಯ ಧೂಪ

ಆಗಸ್ಟ್ ತಿಂಗಳ ಹ್ಯೂಸ್ಟನ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದರೆ ಮೊದಲು ಝಳ ಮುಖಕ್ಕೆ ಹೊಡೆಯುತ್ತದೆ, ಆಮೇಲೆ ವಾಸನೆ. ನನ್ನ ಹಳೆಯ ಕಾರಿನಲ್ಲಿ ಬರುವುದು ಬಖೂರಿನ ವಾಸನೆ. ಸುಗಂಧದ ಎಣ್ಣೆಯಲ್ಲಿ ನೆನೆಸಿದ ಮರದ ಚಕ್ಕೆ ಅದು. ಅರಬರು ಮನೆಯಲ್ಲಿ ಕೆಂಡದ ಮೇಲೆ ಹಾಕಿ ಹೊಗೆ ಎಬ್ಬಿಸುತ್ತಾರೆ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಅಂಗೈಯಗಲದ ಒಂದು ತಗಡಿನ ಡಬ್ಬಿ ಇದೆ. ಮುಚ್ಚಳ ಎಷ್ಟು ಬಿಗಿಮಾಡಿದರೂ ಬಿಸಿಲಿಗೆ ಉಸಿರು ಬಿಡುತ್ತದೆ. ಮೊನ್ನೆ ಅಂಗಡಿಯಿಂದ ಕೊತ್ತಂಬರಿ ಸೊಪ್ಪು, ತೆಂಗಿನಕಾಯಿ ತಂದು ಹಿಂದಿನ ಸೀಟಿನಲ್ಲಿಟ್ಟು, ಕಾರು ಸ್ಟಾರ್ಟ್ ಮಾಡದೆ ಸುಮ್ಮನೆ ಕೂತೆ. ಪಕ್ಕದ ಮನೆಯ ಆಂಟಿ ಬಂದು ಸೀಟ್ ಬೆಲ್ಟ್ ಎಳೆದುಕೊಂಡ ಹಾಗಾಯಿತು...

ನಾವು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿದ್ದಾಗ ಎಡಗಡೆಯ ಮನೆ ಅವರದು. ಉಡುಪಿ ಕಡೆಯವರು. ಮದುವೆಯಾದ ಹೊಸತರಲ್ಲೇ ಸೌದಿ ಅರೇಬಿಯಾಕ್ಕೆ ಹೋಗಿ, ರಿಯಾದ್ ನಗರದಲ್ಲಿ ಇಪ್ಪತ್ತೇಳು ವರ್ಷ ಸಂಸಾರ ಮಾಡಿ, ಆಮೇಲೆ ಟೆಕ್ಸಸ್‌ಗೆ ಬಂದವರು. ಅಂಕಲ್ ಅಲ್ಲಿ ನೀರು ಶುದ್ಧ ಮಾಡುವ ಘಟಕದಲ್ಲಿ ಎಂಜಿನಿಯರ್ ಆಗಿದ್ದರು. ಒಬ್ಬನೇ ಮಗ, ಡಾಲಸ್ ಹತ್ತಿರ ಪ್ರಾಸ್ಪರ್‌ನಲ್ಲಿ.

ಮೊದಲ ಸಲ ಅರಿಶಿನ ಕುಂಕುಮಕ್ಕೆ ಹೋದಾಗ, ದೇವರ ಮನೆ ಎಲ್ಲಿ ಎಂದು ಕೇಳಿದೆ. ಆಂಟಿ ನನ್ನನ್ನು ಮಲಗುವ ಕೋಣೆಗೆ ಕರೆದುಕೊಂಡು ಹೋಗಿ, ಬಟ್ಟೆ ಕಪಾಟಿನ ಬಾಗಿಲು ತೆಗೆದು, ನೇತುಹಾಕಿದ್ದ ಸೀರೆಗಳನ್ನು ಪರದೆಯಂತೆ ಸರಿಸಿದರು. ಹಿಂದಿನ ಹಲಗೆಯ ಮೇಲೆ ಬೆರಳುದ್ದದ ಕೃಷ್ಣ, ಒಂದು ಗಣಪತಿ, ಒಂದು ದೀಪ. ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ದಾರ ಕಟ್ಟಿತ್ತು. ಅಲ್ಲಾಡಿಸಿದರೆ ಟುಪ್ ಟುಪ್ ಎಂಬ ಸದ್ದು ಅಷ್ಟೇ. ಕೋಣೆಯ ಬಾಗಿಲ ಬುಡಕ್ಕೆ ಒದ್ದೆ ಟವೆಲ್ ಒತ್ತಿ, ಮೊದಲು ಬಖೂರಿನ ಹೊಗೆ ಹಾಕಿ, ಅದು ಕೋಣೆಯೆಲ್ಲ ತುಂಬಿದ ಮೇಲೆ ಕರ್ಪೂರ ಹಚ್ಚಿದರು.

ನನಗೆ ನಗು ಬಂತು. "ಆಂಟಿ, ಇದು ಅಮೆರಿಕ. ಇಲ್ಲಿ ಯಾರು ಕೇಳ್ತಾರೆ?"

"ನಂಗೆ ಗೊತ್ತುಂಟು ಮಾರಾಯ್ತಿ," ಎಂದರು. "ದೇವರಿಗೆ ಇನ್ನೂ ಗೊತ್ತಾಗ್ಲಿಲ್ಲ."

ಮಧ್ಯಾಹ್ನ ನನ್ನ ಫಾರ್ಮಸಿ ಕೆಲಸ ಮುಗಿದ ಮೇಲೆ ಅವರ ಅಡುಗೆಮನೆಯಲ್ಲಿ ಬಸಳೆ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದೆವು. ಸೌದಿ ರಾಜ್ಯದ ಚರಿತ್ರೆ ನನಗೆ ಗೊತ್ತಾದದ್ದು ಅಲ್ಲೇ. ನೆಂಟರ ಮನೆಯ ಸುದ್ದಿ ಹೇಳಿದಂತೆ ಹೇಳುತ್ತಿದ್ದರು. ಬಹಳ ಹಿಂದೆ, ಮಣ್ಣಿನ ಗೋಡೆಯ ಒಂದು ಊರಿನಲ್ಲಿ ಒಬ್ಬ ಸರದಾರ, ಆ ಊರಿಗೆ ಆಶ್ರಯ ಕೇಳಿ ಬಂದ ಒಬ್ಬ ಬೋಧಕ. ನೀನು ನನ್ನ ಬೋಧನೆಯನ್ನು ಕಾಪಾಡು, ನಾನು ನಿನ್ನ ಗದ್ದುಗೆಗೆ ಧರ್ಮದ ಬಲ ಕೊಡುತ್ತೇನೆ ಎಂದು ಇಬ್ಬರೂ ಮಾತು ಕೊಟ್ಟುಕೊಂಡರು. "ಸಂಬಂಧ ಕುದುರಿದ ಹಾಗೆ," ಎನ್ನುತ್ತಿದ್ದರು ಆಂಟಿ. "ಎರಡು ಸಲ ರಾಜ್ಯ ಬಿತ್ತು, ಮತ್ತೆ ಎದ್ದಿತು. ಆ ಮಾತು ಮಾತ್ರ ಬೀಳ್ಲಿಲ್ಲ ನೋಡು." ದೇವರೊಬ್ಬನೇ, ನಡುವೆ ಯಾರೂ ಬೇಡ ಎನ್ನುವುದು ಆ ಬೋಧಕನ ಹಟ. ತಮ್ಮದೇ ಸಂತರ ಗೋರಿಗಳನ್ನು ಅವರು ನೆಲಸಮ ಮಾಡಿದ್ದರಂತೆ. "ಅವರ ಸಂತರಿಗೇ ಜಾಗ ಇಲ್ಲ. ನನ್ನ ಗಣಪತಿಗೆ ಎಂತ ಜಾಗ!"

ಆಂಟಿಯವರು ಅಲ್ಲಿಗೆ ಹೋದ ಹೊಸತರಲ್ಲಿ ಅಷ್ಟು ಬಿಗಿ ಇರಲಿಲ್ಲವಂತೆ. ಆಮೇಲೆ, ಅರಮನೆಯವರು ಧರ್ಮ ಬಿಟ್ಟರು ಎಂದು ಕೂಗುತ್ತ ಬಂದೂಕು ಹಿಡಿದ ಗುಂಪೊಂದು ಮೆಕ್ಕಾದ ದೊಡ್ಡ ಮಸೀದಿಯೊಳಗೆ ನುಗ್ಗಿ ಕೂತಿತು. ಎರಡು ವಾರ ಆಂಟಿ ಮನೆಯಿಂದ ಹೊರಗೆ ಕಾಲಿಡಲಿಲ್ಲ. ರಾಜನ ಸೈನ್ಯ ಮಸೀದಿಯನ್ನು ಬಿಡಿಸಿಕೊಂಡಿತು. "ಕೂತವರನ್ನು ಕೊಂದ್ರು. ಅವರು ಕೇಳಿದ್ದನ್ನು ಮಾತ್ರ ಒಂದೊಂದಾಗಿ ಕೊಟ್ರು," ಎಂದು ಸೊಪ್ಪಿನ ದಂಟು ಮುರಿದರು. ಟಿವಿಯಲ್ಲಿ ಸುದ್ದಿ ಓದುತ್ತಿದ್ದ ಹೆಂಗಸರು ಕಾಣದಾದರು. ಬೆತ್ತ ಹಿಡಿದ ಧರ್ಮರಕ್ಷಕರು ಬಜಾರಿನಲ್ಲಿ ತಿರುಗುವುದು ಹೆಚ್ಚಾಯಿತು. ಆಂಟಿಯ ದೇವರು ಹಜಾರದ ಗೂಡಿನಿಂದ ಬಟ್ಟೆ ಕಪಾಟಿಗೆ ಹೋದದ್ದು ಆ ವರ್ಷ.

ಬಖೂರು ಕೊಟ್ಟವಳು ಮೇಲಿನ ಮನೆಯ ಸೌದಿ ಹೆಂಗಸು. ವಿಧವೆ, ಶಾಲೆಯ ಟೀಚರ್. ಒಂದು ದಿನ ಬಾಗಿಲು ತಟ್ಟಿ, ಡಬ್ಬಿ ಕೈಯಲ್ಲಿಟ್ಟು, "ನಿನ್ನ ಕೋಣೆಯ ವಾಸನೆ ನನ್ನ ಕಿಟಕಿಗೆ ಬರುತ್ತದೆ. ಇದನ್ನು ಮೊದಲು ಹಾಕು," ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದಳಂತೆ. ಆಮೇಲೆ ಪ್ರತಿ ವರ್ಷ ಈದ್ ಹಬ್ಬಕ್ಕೆ ಒಂದು ಡಬ್ಬಿ ಬರುತ್ತಿತ್ತು. ಆ ಹೆಂಗಸಿಗೂ ತಮ್ಮನ ಸಹಿಯಿಲ್ಲದೆ ವಿಮಾನ ಹತ್ತುವಂತಿರಲಿಲ್ಲ. ಆಂಟಿಯವರಿಗೆ ಕಂಪನಿಯ ಸಹಿ ಬೇಕಿತ್ತು. ಉಡುಪಿಯಲ್ಲಿ ಆಂಟಿಯ ಅಮ್ಮ ತೀರಿಕೊಂಡಾಗ ಪಾಸ್‌ಪೋರ್ಟ್ ಕಂಪನಿಯವರ ಬಳಿ ಇತ್ತು. ಬಿಡುಗಡೆಯಾಗುವ ಹೊತ್ತಿಗೆ ಹನ್ನೊಂದನೆಯ ದಿನ ಕಳೆದಿತ್ತು.

"ದೇವರು ನನ್ನ ಕಪಾಟಿನಲ್ಲಿ, ನಾನು ಕಂಪನಿ ಕಪಾಟಿನಲ್ಲಿ," ಎಂದು ಆಂಟಿ ನಕ್ಕಿದ್ದರು. ನಾನು ನಗಲಿಲ್ಲ.

ಅಂಕಲಿಗೆ ಪಾರ್ಶ್ವವಾಯು ಹೊಡೆದು ನರ್ಸಿಂಗ್ ಹೋಮ್‌ಗೆ ಸೇರಿಸಿದ ಮೇಲೆ ಆಂಟಿಯ ದಿನಕ್ಕೆ ಒಂದೇ ಗುರಿ ಉಳಿಯಿತು. ಸಂಜೆ ನಾಲ್ಕಕ್ಕೆ ಫಿಲ್ಟರ್ ಕಾಫಿ ಫ್ಲಾಸ್ಕಿಗೆ ಹಾಕಿಕೊಂಡು ಹೋಗಿ ಅವರಿಗೆ ಚಮಚದಲ್ಲಿ ಕುಡಿಸಬೇಕು. ಆರು ಮೈಲಿ ದೂರ. ನಮ್ಮ ಕಡೆ ಬಸ್ಸಿಲ್ಲ. ಫೋನಿನಲ್ಲಿ ಕಾರು ಕರೆಸಿಕೊಡುತ್ತೇನೆಂದರೆ ಒಪ್ಪುತ್ತಿರಲಿಲ್ಲ. ಗುರುತಿಲ್ಲದ ಗಂಡಸಿನ ಕಾರಿನಲ್ಲಿ ಒಬ್ಬಳೇ ಕೂರುವುದು ಅವರ ಮೈಗೇ ಆಗದ ಮಾತು. ಹಾಗಾಗಿ ನಾನು. ಹುಷಾರಿಲ್ಲವೆಂದೋ, ಮಗಳ ಶಾಲೆಯಲ್ಲಿ ಮೀಟಿಂಗ್ ಎಂದೋ ನಾನು ಹೋಗದ ದಿನ, ಆಂಟಿ ಫ್ಲಾಸ್ಕ್ ಹಿಡಿದು ಗರಾಜಿನ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಳಗೆ ಅಂಕಲ್ ಕಾರಿದ್ದ ಜಾಗ ಖಾಲಿ.

ಆ ಬೇಸಿಗೆಯಲ್ಲೇ ಸುದ್ದಿ ಬಂದದ್ದು. ಸೌದಿಯಲ್ಲಿ ಇನ್ನು ಹೆಂಗಸರೂ ಕಾರು ಓಡಿಸಬಹುದು ಎಂದು ಅಪ್ಪಣೆಯಾಗಿತ್ತು. ಮೇಲಿನ ಮನೆಯ ಆ ಟೀಚರ್, ಈಗ ಮುದುಕಿ, ಒಂದು ವಿಡಿಯೊ ಕಳಿಸಿದ್ದಳು. ಸ್ಟಿಯರಿಂಗ್ ಹಿಡಿದು ಕನ್ನಡಕದೊಳಗಿಂದ ನಗುತ್ತಿದ್ದಳು. ಆಂಟಿ ನಾಲ್ಕು ಸಲ ನೋಡಿ, ಫೋನು ಮಗುಚಿಟ್ಟು ಹೇಳಿದರು:

"ಅವಳು ಕಲಿತಳು. ನಂಗೂ ಕಲಿಸು ಮಾರಾಯ್ತಿ. ದಿನಾ ನಿನ್ನ ಕಾಯ್ಲಿಕ್ಕೆ ಆಗುದಿಲ್ಲ. ಅವರು ಬಾಗಿಲೇ ನೋಡ್ತಾ ಇರ್ತಾರೆ."

"ಭಯ ಆಗಲ್ವಾ ಆಂಟಿ?"

"ಇಪ್ಪತ್ತೇಳು ವರ್ಷ ಹಿಂದಿನ ಸೀಟಲ್ಲಿ ಕೂತು ಅಂಕಲಿಗೆ ಡ್ರೈವಿಂಗ್ ಹೇಳಿಕೊಟ್ಟದ್ದು ಯಾರು ಅಂತ ಮಾಡಿದ್ದೀ?"

ಬರಹದ ಪರೀಕ್ಷೆ ಮೊದಲ ಸಲಕ್ಕೇ ಪಾಸಾದರು. ಲರ್ನರ್ ಪರ್ಮಿಟ್ ಬಂತು. ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ, ನನ್ನ ಕಾರಿನಲ್ಲಿ, ಎರಡು ತಿಂಗಳು ಕಲಿಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ದೋಸೆ ಹುಯ್ಯುವಷ್ಟು ಗಮನವಿಟ್ಟು ಸ್ಟಿಯರಿಂಗ್ ತಿರುಗಿಸುತ್ತಿದ್ದರು. ಕನ್ನಡಿ ನೋಡುವುದು, ಲೇನ್ ಬದಲಿಸುವುದು, ಕಾರು ಹಿಂದೆ ತೆಗೆಯುವುದು ಎಲ್ಲ ಹೇಳಿಕೊಟ್ಟೆ. ಒಂದನ್ನು ಮರೆತಿದ್ದೆ.

ಅದು ಮೊದಲ ಸಲ ಅವರೇ ಓಡಿಸಿಕೊಂಡು ಅಂಕಲ್ ಹತ್ತಿರ ಹೊರಟ ದಿನ. ನಾನು ಪಕ್ಕದಲ್ಲಿ, ಫ್ಲಾಸ್ಕ್ ನನ್ನ ತೊಡೆಯ ಮೇಲೆ. ಅರ್ಧ ದಾರಿಯಲ್ಲಿ ಹಿಂದೆ ಪೊಲೀಸ್ ಕಾರಿನ ಕೆಂಪು ನೀಲಿ ದೀಪ ಮಿನುಗಿತು. ಆಂಟಿ ಸರಿಯಾಗಿಯೇ ಬದಿಗೆ ತೆಗೆದು ನಿಲ್ಲಿಸಿದರು. ಆಮೇಲೆ ಅವರ ಕೈ ತಾನೇ ಚಾಚಿತು. ಡ್ಯಾಶ್‌ಬೋರ್ಡಿನ ಮೇಲೆ ನಾನು ಅಂಟಿಸಿದ್ದ ಪುಟ್ಟ ಗಣಪತಿಯನ್ನು ಕಿತ್ತು, ಬಗ್ಗಿ, ಸೆರಗಿನೊಳಗೆ ತುರುಕಿಕೊಳ್ಳತೊಡಗಿದರು.

"ಕೈ! ಎರಡೂ ಕೈ ಸ್ಟಿಯರಿಂಗ್ ಮೇಲೆ!" ಎಂದು ಹೊರಗಿನಿಂದ ಇಂಗ್ಲಿಷಿನಲ್ಲಿ ಕೂಗು. ಪೊಲೀಸಿನವನ ಕೈ ಸೊಂಟದ ಪಿಸ್ತೂಲಿನ ಮೇಲಿತ್ತು.

ಪೊಲೀಸರು ನಿಲ್ಲಿಸಿದಾಗ ಟೆಕ್ಸಸ್‌ನಲ್ಲಿ ಯಾರೂ ಬಗ್ಗಿ ಏನನ್ನೂ ಹುಡುಕುವುದಿಲ್ಲ. ಬಂದೂಕಿಗೆ ಕೈ ಹಾಕಿದರೆಂದುಕೊಂಡು ಅವರು ಗುಂಡು ಹಾರಿಸಿಬಿಡಬಹುದು. ಅದನ್ನೇ ನಾನು ಹೇಳಿಕೊಟ್ಟಿರಲಿಲ್ಲ. "ಆಂಟಿ, ಕೈ ತೆಗೀರಿ, ದಮ್ಮಯ್ಯ, ಕೈ ತೆಗೀರಿ," ಎಂದೆ. ಅವರಿಗೆ ಕೇಳಿಸುತ್ತಿರಲಿಲ್ಲ. ನಾನೇ ಅವರ ಮಣಿಕಟ್ಟು ಹಿಡಿದು ಎತ್ತಿ ಸ್ಟಿಯರಿಂಗಿಗೆ ಒತ್ತಿದೆ. ಪೊಲೀಸಿನವನು ಹತ್ತಿರ ಬಂದ ಮೇಲೆ ನೋಡಿದರೆ ಇಪ್ಪತ್ತೈದು ದಾಟದ ಹುಡುಗ, ಅವನಿಗೂ ಹಣೆ ಬೆವರಿತ್ತು. ನನ್ನ ಕಾರಿನ ಒಂದು ಬ್ರೇಕ್ ಲೈಟ್ ಕೆಟ್ಟಿತ್ತು, ಅದನ್ನು ಹೇಳಲು ನಿಲ್ಲಿಸಿದ್ದ. ಏನು ಬಚ್ಚಿಟ್ಟಿರಿ ಎಂದು ಆಂಟಿಯನ್ನು ಕೇಳಿದ. ದೇವರು ಎಂದು ನಾನೇ ಹೇಳಿದೆ. ಅವನು ಪಿಸ್ತೂಲಿನಿಂದ ಕೈ ತೆಗೆದು, "ನಮ್ಮಮ್ಮನ ಕಾರಲ್ಲೂ ಮೇರಿ ಮಾತೆ ಇದ್ದಾಳೆ, ಮ್ಯಾಮ್. ಇದ್ದಲ್ಲೇ ಇಡಿ," ಎಂದು ಹೋದ.

ಆಂಟಿ ಗಣಪತಿಯನ್ನು ಹೊರಗೆ ತೆಗೆಯಲಿಲ್ಲ. ಕಾರಿಂದಿಳಿದು, ಸುತ್ತಿ ಬಂದು, ನನ್ನ ಸೀಟಿನ ಬಾಗಿಲಲ್ಲಿ ನಿಂತರು. ಸೀಟು ಬದಲಿಸಿಕೊಂಡೆವು. ಅಂದು ನರ್ಸಿಂಗ್ ಹೋಮ್ ತಲುಪುವಾಗ ನಾಲ್ಕೂಮುಕ್ಕಾಲು. ಅಂಕಲ್ ನಿದ್ದೆ ಹೋಗಿದ್ದರು.

ಮತ್ತೆ ಡ್ರೈವಿಂಗ್ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ವರ್ಷ ನಾವು ಫುಲ್‌ಶೀರ್‌ಗೆ ಶಿಫ್ಟ್ ಆದೆವು. ಆರು ಮೈಲಿ ಇದ್ದದ್ದು ನನಗೆ ಮೂವತ್ತಾಯಿತು. ವಾರಕ್ಕೆ ಮೂರು ದಿನ ಹೋದೆ, ಆಮೇಲೆ ಎರಡು... ಒಂದು ಮಂಗಳವಾರ, "ಇವತ್ತು ಆಗಲ್ಲ ಆಂಟಿ, ನಾಳೆ ಖಂಡಿತ," ಎಂದೆ. "ತೊಂದರೆ ಇಲ್ಲ, ಕಾಫಿ ನಾನೇ ಕುಡೀತೇನೆ," ಎಂದರು. ಅಂಕಲ್ ಆ ಸಂಜೆಯೇ ಹೋದರು. ಬಾಗಿಲು ನೋಡುತ್ತಿದ್ದರೋ ಏನೋ, ನಾನು ಯಾರನ್ನೂ ಕೇಳಲಿಲ್ಲ.

ಮಗ ಬಂದು ಆಂಟಿಯನ್ನು ಪ್ರಾಸ್ಪರ್‌ಗೆ ಕರೆದುಕೊಂಡು ಹೋದ. ಒಂದೇ ಥರದ ಹೊಸ ಮನೆಗಳ ಸಾಲು, ನಡೆದು ಹೋಗಲು ಒಂದು ಅಂಗಡಿಯೂ ಇಲ್ಲ. ನಾನು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ. ಬಸಳೆ ಹಬ್ಬಿತಾ, ಮಂಡಿ ನೋವು ಹೇಗಿದೆ ಎಂದೆಲ್ಲ ಕೇಳುತ್ತಿದ್ದೆ. ಡ್ರೈವಿಂಗ್ ಮಾತೊಂದನ್ನು ಬಿಟ್ಟು. ನೋವಾಗುತ್ತದೆಂದು ನನ್ನ ಎಣಿಕೆ.

ಹೋದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಹದಿಮೂರು ದಿನ ಕಳೆದ ಮೇಲೆ ಮಗ ಈ ಡಬ್ಬಿ ಕಳಿಸಿದ. ಕಪಾಟಿನಲ್ಲಿ ದೇವರ ಪಕ್ಕ ಇತ್ತಂತೆ, ಮೇಲೆ ನನ್ನ ಹೆಸರು ಬರೆದಿತ್ತಂತೆ. ತಳದಲ್ಲಿ ಬಖೂರಿನ ಪುಡಿ. ಅದರ ಮೇಲೆ ಅರಿವೆಯಲ್ಲಿ ಸುತ್ತಿದ ನನ್ನ ಡ್ಯಾಶ್‌ಬೋರ್ಡಿನ ಗಣಪತಿ. ಅದರ ಕೆಳಗೆ ಒಂದು ಲರ್ನರ್ ಪರ್ಮಿಟ್. ನಾನು ಮಾಡಿಸಿಕೊಟ್ಟದ್ದೇ ಎಂದುಕೊಂಡೆ. ತಿರುಗಿಸಿ ನೋಡಿದರೆ ವಿಳಾಸ ಪ್ರಾಸ್ಪರ್‌ನದು. ಫೋಟೋದಲ್ಲಿ ಹಣೆಯ ಕುಂಕುಮವಿಲ್ಲ. ಅಂಕಲ್ ಹೋದ ಮೇಲೆ, ಕಾಫಿ ಒಯ್ಯುವ ಜಾಗವೇ ಇಲ್ಲದಾದ ಮೇಲೆ, ಮತ್ತೆ ಹೋಗಿ ಪರೀಕ್ಷೆ ಬರೆದಿದ್ದರು. ಮಗನನ್ನು ಕೇಳಿದೆ. "ಯಾರಾದ್ರೂ ಕಲಿಸ್ತಾರಾ ಅಂತ ಒಂದೆರಡು ಸಲ ಕೇಳಿದ್ರು. ಈ ವಯಸ್ಸಲ್ಲಿ ಯಾಕಮ್ಮಾ ಅಂದೆ," ಎಂದ.

ನನ್ನನ್ನು ಯಾಕೆ ಕೇಳಲಿಲ್ಲ ಎಂದುಕೊಳ್ಳುತ್ತೇನೆ. ನಾನು ಯಾಕೆ ಕೇಳಲಿಲ್ಲ...

ಡ್ಯಾಶ್‌ಬೋರ್ಡಿನ ಮೇಲೆ ಆ ಗಣಪತಿಯ ಅಂಟಿನ ಗುರುತು ಇನ್ನೂ ಇದೆ, ಎಂಟಾಣೆಯಷ್ಟಗಲ. ಮತ್ತೆ ಅಲ್ಲಿ ಅಂಟಿಸಲು ಎರಡು ಸಲ ಹೋಗಿ, ಡಬ್ಬಿಯೊಳಗೇ ಇಟ್ಟು ಮುಚ್ಚಿದೆ. ಮೊನ್ನೆಯೂ ಹಾಗೆಯೇ. ಒಳಗೆ ಬಿಸಿ ಉಸಿರುಗಟ್ಟಿಸುತ್ತಿತ್ತು, ಹಿಂದಿನ ಸೀಟಿನಲ್ಲಿ ಕೊತ್ತಂಬರಿ ಬಾಡುತ್ತಿತ್ತು. ಕಿಟಕಿ ಇಳಿಸಿದರೆ ವಾಸನೆ ಹೋಗಿಬಿಡುತ್ತದೆ ಎಂದು ಇಳಿಸದೆ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟುಕೊಂಡು ಕೂತಿದ್ದೆ.