ಒಗೆಯುವ ಕಲ್ಲಿನ ಹಸಿರು

ಮೂಡಿಗೆರೆಗೆ ಬಂದ ಮೊದಲ ಮಳೆಗಾಲದಲ್ಲಿ ನನ್ನ ಚಪ್ಪಲಿಯ ಮೇಲೆ ಹಸಿರು ಹುಟ್ಟಿತು. ವಿಜಯಪುರದಲ್ಲಿ ಚಪ್ಪಲಿ ಬಿಸಿಲಿಗೆ ಬಿರಿಯುವುದನ್ನಷ್ಟೇ ಕಂಡವಳು ನಾನು.

ಕೆಲಸವೂ ಅಂಥ ಹಸಿರಿನದೇ. ಚಿಕ್ಕಮಗಳೂರಿನ ಕಾಲೇಜೊಂದರ ಹರ್ಬೇರಿಯಮ್ಮಿಗೆ, ಎಂದರೆ ಒಣಗಿಸಿದ ಗಿಡಗಳ ಸಂಗ್ರಹಕ್ಕೆ, ಲಿವರ್‌ವರ್ಟ್ ತಂದುಕೊಡಬೇಕು. ಪಾಚಿಯ ಹಾಗೆ ಕಲ್ಲಿಗಂಟಿ ಹರಡುವ, ಬೇರು ಹೂವು ಎರಡೂ ಇಲ್ಲದ ಸಣ್ಣ ಸಸ್ಯ ಅದು. ಕಳಸದ ಕಾಡೆಲ್ಲ ಸುತ್ತಿದೆ. ಬೇಕಾದ್ದು ಸಿಕ್ಕಿದ್ದು ಬಾಡಿಗೆ ಮನೆಯ ಹಿತ್ತಲಲ್ಲಿ, ಒಗೆಯುವ ಕಲ್ಲಿನ ಮೇಲೆ. ಅದರಲ್ಲಿ ಬೀಜದ ಬದಲಿಗಿರುವ ಬೀಜಕದ ಗುಂಡು ಮೂಡುವ ತನಕ ಕಾಯಬೇಕಿತ್ತು. ಗುಂಡಿಲ್ಲದೆ ಅದು ಯಾವ ಜಾತಿಯೆಂದು ಹೇಳಲಾಗದು. ತಪ್ಪಿದರೆ ಇನ್ನೊಂದು ಮಳೆಗಾಲವೇ ಗತಿ.

ಮನೆಯೊಡತಿ ಜುಬೇದಕ್ಕನಿಗೆ ಬೇರೆ ಅವಸರ. ಮಾರನೆಯ ದಿನ ಮಗಳ ನಿಶ್ಚಿತಾರ್ಥ. ಬ್ಲೀಚಿಂಗ್ ಪೌಡರ್ ಹಿಡಿದು ಕಲ್ಲಿನ ಮುಂದೆ ನಿಂತಿದ್ದರು.

“ಬೇಡಿ ಅಕ್ಕಾ, ಇನ್ನೊಂದು ವಾರ ಬಿಡಿ.”

“ಪಾಚಿ ಕಾಯೋಕೆ ಅಷ್ಟು ದೂರದಿಂದ ಬಂದ್ಯಾ ಮಾರಾಯ್ತಿ? ಬೀಗರು ಜಾರಿ ಬಿದ್ರೆ ನೀನೇ ಎತ್ತು. ನಿಮ್ಮೂರಲ್ಲಿ ಕಲ್ಲು ತೊಳೆಯೋದಿಲ್ವಾ?”

“ನಮ್ಮೂರಲ್ಲಿ ಕಲ್ಲಿಗೆ ಸುರಿಯೋಷ್ಟು ನೀರಿಲ್ಲ ಅಕ್ಕಾ.”

ನಕ್ಕರು. ಅರ್ಧ ಕಲ್ಲು ಉಜ್ಜಿದರು. ಉಳಿದರ್ಧವನ್ನು ಯಾರೂ ತುಳಿಯದಂತೆ ಮಂಕರಿ ಬೋರಲು ಹಾಕಿದರು. ನೆಂಟರೆಲ್ಲ ಹೋದ ಮೇಲೆ ಮಂಕರಿ ಎತ್ತಿದರೆ, ಗಾಜಿನೆಳೆಯಂಥ ಕಾಂಡಗಳ ತುದಿಯಲ್ಲಿ ಕರಿ ಗುಂಡುಗಳು!

ಕಾಗದದ ಪೊಟ್ಟಣ ಕಟ್ಟಿ, ಊರಿನ ಅಭ್ಯಾಸದಂತೆ ಕಿಟಕಿಯಲ್ಲಿ ಬಿಸಿಲಿಗಿಟ್ಟೆ. ಬಿಸಿಲೆಲ್ಲಿತ್ತು?

“ಬೂಸ್ಟು ಹಿಡಿಯುತ್ತೆ, ಇಲ್ಲಿ ಕೊಡು” ಎಂದು ಜುಬೇದಕ್ಕ ಅದನ್ನು ಒಲೆಯ ಮೇಲೆ ತೂಗುಹಾಕಿದ್ದ ಬಿದಿರಿಗೆ, ಒಣಗುತ್ತಿದ್ದ ಅಂಗಿಗಳ ನಡುವೆ ಸಿಕ್ಕಿಸಿದರು. ಮಳೆಗಾಲವಿಡೀ ಇಲ್ಲಿ ಬಟ್ಟೆ ಒಣಗುವುದು ಹೊಗೆಯಲ್ಲೇ.

ಮಾದರಿ ಸಂಗ್ರಹ ಸೇರಿತು. ಲೇಬಲ್ಲಿನಲ್ಲಿ ಬರೆದೆ: ಮೂಡಿಗೆರೆ, ಒದ್ದೆ ಕಲ್ಲು, ನನ್ನ ಹೆಸರು. ಎಷ್ಟು ಚೊಕ್ಕ! ಮಂಕರಿಯಿಲ್ಲ, ನಗುವಿಲ್ಲ. ನನ್ನ ನೆನಪೂ ನಡೆದದ್ದನ್ನು ಹೀಗೇ ಚೊಕ್ಕ ಮಾಡಿಬಿಡುತ್ತದೇನೋ ಎಂದು ನನಗೆ ಅನುಮಾನ.

ಬೇಸಿಗೆಯಲ್ಲಿ ಊರಿಗೆ ಹೋದಾಗ ಉಳಿದಿದ್ದ ಚೂರೊಂದರ ಪೊಟ್ಟಣವನ್ನು ಅವ್ವನೆದುರು ಬಿಚ್ಚಿ, ಹನಿ ನೀರು ಬಿಟ್ಟೆ. ಮುರುಟಿದ್ದು ಮೆಲ್ಲಗೆ ಅಗಲವಾಯಿತು. ಹೊಗೆಯ ವಾಸನೆ ಬಂತು. ಮೂಡಿಗೆರೆಯಲ್ಲಿ ಜೋಳದ ರೊಟ್ಟಿಗೆ ಹಂಬಲಿಸುತ್ತಿದ್ದವಳು, ತಾಟಿನಲ್ಲಿ ಬಿಸಿ ರೊಟ್ಟಿ ಇಟ್ಟುಕೊಂಡು ಜುಬೇದಕ್ಕನ ಅಡುಗೆಮನೆಗೆ ಹಂಬಲಿಸಿದೆ. ವಾಸನೆ ನನ್ನ ಭ್ರಮೆಯೇ ಇರಬೇಕು ಎಂದುಕೊಂಡೆ.

ಅವ್ವ ಮೂಗಿನ ಹತ್ತಿರ ಹಿಡಿದಳು. “ಹೊಗಿ ನಾರತೈತಲ್ಲ! ನಿಮ್ಮೂರಾಗ ಪಾಚಿನೂ ಒಲಿ ಮ್ಯಾಲ ಒಣಗಸ್ತಾರೇನು?”

ನಿಮ್ಮೂರು. ಜುಬೇದಕ್ಕ ಹಾಗೆ ಅಂದದ್ದು ಈ ಊರನ್ನು.

“ಹೂಂ ಅವ್ವಾ,” ಅಂದೆ. “ನಮ್ಮೂರಾಗ ಹಂಗ.”