ಅಮಾವಾಸ್ಯೆ ದಿನ ಅಕ್ಕಯಮ್ಮನ ಮೋಲ್ಡು

ಹೊರದೇಶದ ಬಡವರಿಗೆ ಮನೆ ಕಟ್ಟಿಕೊಡಲು ಹೊರಟವರಿಗೆ ಹೊರದೇಶ ಅನ್ನುವುದೊಂದು ಎಲ್ಲಾದರೂ ಇರಲೇಬೇಕಲ್ಲ. ಐರ್ಲೆಂಡಿನಿಂದ ಬಂದ ಒಂಬತ್ತು ಜನರ ಪಾಲಿಗೆ ಅದು ಶಿಡ್ಲಘಟ್ಟದ ಪಕ್ಕದ ಒಂದು ಹಳ್ಳಿಯಾಗಿತ್ತು. ಇದು ಹೊಳೆದಾಗ ಸಿದ್ಧಾರ್ಥನಿಗೆ ಒಳಗೊಳಗೇ ಖುಷಿಯಾಯಿತು. ಪಾಸ್‌ಪೋರ್ಟಿಗೆ ಅರ್ಜಿ ಕೂಡ ಹಾಕದೆ ಹುಟ್ಟಿದಾಗಿನಿಂದ ತಾನು ಫಾರಿನ್ನಿನಲ್ಲೇ ಇದ್ದೇನೆಂದು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಚಿಕ್ಕಬಳ್ಳಾಪುರದ ಒಂದು ಟ್ರಸ್ಟಿನಲ್ಲಿ ಅವನು ಫೀಲ್ಡ್ ಕೋಆರ್ಡಿನೇಟರ್. ಹುದ್ದೆಯ ಹೆಸರು ಸಂಬಳಕ್ಕಿಂತ ಉದ್ದ. ಬಂದವರ ಇಂಗ್ಲಿಷನ್ನು ಕನ್ನಡ ಮಾಡುವುದು, ಊರಿನವರ ಕನ್ನಡವನ್ನೋ ತೆಲುಗನ್ನೋ ಇಂಗ್ಲಿಷ್ ಮಾಡುವುದು, ನಡುವೆ ಬೈಗುಳ ಬಂದರೆ ತಾನೇ ನುಂಗಿಕೊಳ್ಳುವುದು, ಇಷ್ಟು ಅವನ ಕೆಲಸ. ಮೊದಲ ದಿನ ಹುಮ್ಮಸ್ಸಿನಲ್ಲಿ ಇಟ್ಟಿಗೆ ಹೊರಲು ಹೋಗಿ ಸೊಂಟ ಹಿಡಿದುಕೊಂಡ ಮೇಲೆ, ಹುಣಸೆಮರದ ನೆರಳಿನಲ್ಲಿ ನಿಂತು ಮಾತಾಡುವ ಕೆಲಸ ಅವನಿಗೆ ಕಾಯಂ ಆಯಿತು.

ಮನೆ ಅಕ್ಕಯಮ್ಮನದು. ಮನೆ ಇನ್ನೂ ಇರಲಿಲ್ಲ, ಆದರೂ ಎಲ್ಲರೂ ಹಾಗೇ ಅನ್ನುತ್ತಿದ್ದರು. ಶಿಡ್ಲಘಟ್ಟದ ರೀಲಿಂಗ್ ಯೂನಿಟ್ಟಿನಲ್ಲಿ ಕುದಿನೀರಿನ ತೊಟ್ಟಿಯ ಮುಂದೆ ಕೂತು ರೇಷ್ಮೆಗೂಡಿನ ಎಳೆ ಬಿಚ್ಚುವುದು ಅವಳ ಜೀವನ. ಕೈಬೆರಳುಗಳು ಯಾವಾಗಲೂ ನೀರಲ್ಲಿ ನೆನೆದ ಅವರೆಕಾಳಿನ ಸಿಪ್ಪೆಯ ಹಾಗೆ ಸುಕ್ಕುಗಟ್ಟಿರುತ್ತಿದ್ದವು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಮಗಳು ರೂಪ ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಓದುತ್ತಿದ್ದಳು. ಇಬ್ಬರೂ ಇದ್ದದ್ದು ತಗಡಿಗೆ ಟಾರ್ಪಾಲು ಹೊದಿಸಿದ ಒಂದು ಮಾಡಿನ ಕೆಳಗೆ. ಮಳೆ ಬಂದರೆ ಮೊದಲು ಪುಸ್ತಕ ಎತ್ತಿಡಬೇಕೋ ರಾಗಿ ಚೀಲ ಎತ್ತಿಡಬೇಕೋ ಅನ್ನುವುದರ ಮೇಲೆ ಅಮ್ಮ ಮಗಳಿಗೆ ಪ್ರತಿ ವರ್ಷ ಜಗಳ.

ಬಂದ ತಂಡದ ಮುಖ್ಯಸ್ಥೆ ಅರವತ್ತು ದಾಟಿದ ಹೆಂಗಸು, ತನ್ನ ದೇಶದಲ್ಲಿ ಬಸ್ ಓಡಿಸಿ ರಿಟೈರ್ ಆದವಳು. ಅವಳ ಹೆಸರು ಯಾರ ಬಾಯಿಗೂ ಹಿಡಿಸಲಿಲ್ಲ. ಊರು ಎರಡೇ ದಿನದಲ್ಲಿ ಅವಳಿಗೆ ಡ್ರೈವರಮ್ಮ ಎಂದು ಹೆಸರಿಟ್ಟಿತು. ಬಿಸಿಲಿಗೆ ಒಂಬತ್ತೂ ಜನ ಚಿಂತಾಮಣಿ ಮಂಡಿಯ ಟೊಮೇಟೊ ಬಣ್ಣಕ್ಕೆ ತಿರುಗಿದರೂ ಯಾರೂ ಕೂರಲಿಲ್ಲ. ಎರಡು ವಾರದಲ್ಲಿ ಗೋಡೆ ಎದ್ದಿತು, ಸೆಂಟ್ರಿಂಗ್ ಹಲಗೆ ಬಡಿದದ್ದಾಯಿತು, ಕಂಬಿ ಕಟ್ಟಿದ್ದಾಯಿತು. ಉಳಿದದ್ದು ಮೋಲ್ಡ್ ಹಾಕುವುದೊಂದೇ. ತಾರಸಿಯ ಕಾಂಕ್ರೀಟನ್ನು ಒಂದೇ ಪಟ್ಟಿಗೆ, ನಡುವೆ ನಿಲ್ಲಿಸದೆ ಹಾಕಿ ಮುಗಿಸಬೇಕು. ನಿಂತರೆ ಅಲ್ಲೇ ಸೋರಿಕೆ.

ದಿನ ಗೊತ್ತುಮಾಡಿದವನು ಸಿದ್ಧಾರ್ಥ. ಭಾನುವಾರ ಅಂದ. ಸೋಮವಾರ ತಂಡಕ್ಕೆ ವಿಮಾನ, ಅಷ್ಟರಲ್ಲಿ ಕಾಂಕ್ರೀಟು ಬೀಳದಿದ್ದರೆ ಬಾಡಿಗೆಯ ಹಲಗೆಗಳೂ ಅಂದೇ ಚಿಂತಾಮಣಿಯ ಇನ್ನೊಂದು ಮನೆಗೆ ಹೋಗಿಬಿಡುತ್ತವೆ. ಎಲ್ಲ ಸರಿಯಾಗಿ ಯೋಚಿಸಿದ್ದೇನೆ ಅಂದುಕೊಂಡಿದ್ದ.

ಭಾನುವಾರ ಬೆಳಿಗ್ಗೆ ಮಿಕ್ಸರ್ ಬಂತು, ಜಲ್ಲಿ ಬಂತು, ಮೋಲ್ಡ್ ಗ್ಯಾಂಗು ಮಾತ್ರ ಬರಲಿಲ್ಲ. ಮೇಸ್ತ್ರಿ ಗಂಗುಲಪ್ಪನಿಗೆ ಫೋನ್ ಮಾಡಿದರೆ ಆ ಕಡೆ ಕೋಳಿ ಕೂಗುತ್ತಿತ್ತು.

"ಸಾರ್, ಇವತ್ತು ಅಮಾಸೆ ಅಲ್ವಾ ಸಾರ್?"

"ಆದ್ರೇನು?"

"ಆದ್ರೇನು ಅಂದ್ರೆ? ಅಮಾಸೆ ದಿನ ಯಾರಾದ್ರೂ ಮೋಲ್ಡ್ ಹಾಕ್ತಾರಾ? ನೀವು ಭಾನುವಾರ ಅಂದಾಗ ಮುಂದಿನ ಭಾನುವಾರ ಅಂದ್ಕೊಂಡೆ. ಹುಡುಗ್ರೆಲ್ಲ ಗೌರಿಬಿದನೂರಿಗೆ ಹೋಗ್ಬಿಟ್ಟವ್ರೆ ಸಾರ್."

ಸಿದ್ಧಾರ್ಥನ ಮನೆಯಲ್ಲಿ ಒಳ್ಳೆ ದಿನ ಕೆಟ್ಟ ದಿನ ನೋಡುವುದನ್ನು ತಾತನ ಕಾಲಕ್ಕೇ ಬಿಟ್ಟಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಗೊತ್ತಿದ್ದದ್ದು ಹುಣ್ಣಿಮೆ ಒಂದೇ. ಎರಡು ವಾರದ ಹಿಂದೆ ಬುದ್ಧ ಪೂರ್ಣಿಮೆಗೆ ಪಾಯಸ ಕುಡಿದಿದ್ದ. ಅದಾಗಿ ಎರಡು ವಾರಕ್ಕೆ ಏನು ಬರುತ್ತದೆ ಅನ್ನುವ ಲೆಕ್ಕ ಮಾತ್ರ ಪದವೀಧರ ತಲೆಗೆ ಹೊಳೆಯಲಿಲ್ಲ. ಅಮಾವಾಸ್ಯೆಯನ್ನು ನಂಬದವನು ಅನ್ನಿಸಿಕೊಳ್ಳುವುದು ಗೌರವದ ಮಾತು. ಅಮಾವಾಸ್ಯೆ ಇದೆ ಅಂತಲೇ ಗೊತ್ತಿಲ್ಲದವನು ಅನ್ನಿಸಿಕೊಳ್ಳುವುದು ಬೇರೆ ಮಾತು.

ಎದುರು ಮನೆಯ ಜಗುಲಿಯ ಮೇಲೆ ಕೂತಿದ್ದ ಮುನಿವೆಂಕಟಪ್ಪ ತಾತ ಇದನ್ನೆಲ್ಲ ಕೇಳಿಸಿಕೊಂಡು ವೀಳ್ಯದೆಲೆಗೆ ಸುಣ್ಣ ಸವರಿದ.

"ಏನಪ್ಪಾ ಕೋಆರ್ಡಿನೇಟ್ರು, ಅಮಾಸೆ ದಿನ ತಾರಸಿ ಹಾಕಿದ್ ಮನೇಲಿ ದೀಪ ಹತ್ತುತ್ತಾ? ಯಾರಾದ್ರೂ ದೊಡ್ಡೋರ್‌ನ ಒಂದ್ ಮಾತ್ ಕೇಳ್ಬಾರ್ದಾ?"

"ತಾತ ಏನಂತಾರೆ?" ಎಂದು ಡ್ರೈವರಮ್ಮ ಇಂಗ್ಲಿಷಿನಲ್ಲಿ ಕೇಳಿದಳು.

"ಶುಭ ಹಾರೈಸ್ತಾ ಇದಾರೆ," ಎಂದು ಸಿದ್ಧಾರ್ಥ ಅನುವಾದಿಸಿದ. ಆಮೇಲೆ, ನಿಜ ಹೇಳದೆ ಬೇರೆ ದಾರಿಯಿಲ್ಲವೆಂದು, ಪೂರ್ತಿ ಹೇಳಿದ.

ಅವಳು ಟೋಪಿ ತೆಗೆದು ಕೈಯಲ್ಲಿ ಹಿಡಿದಳು. "ಮನೆ ಅವಳದು. ಅವಳು ಬೇಡ ಅಂದರೆ ಬೇಡ. ನಮ್ಮ ವಿಮಾನಕ್ಕೋಸ್ಕರ ಅವಳ ದೇವರ ಜೊತೆ ಜಗಳ ಆಡೋಕೆ ನಾವು ಬಂದಿಲ್ಲ."

ಬೇಡ ಅಂದರೆ ಏನಾಗುತ್ತದೆಂದು ಸಿದ್ಧಾರ್ಥನಿಗೆ ಗೊತ್ತಿತ್ತು. ಮುಂದಿನ ತಂಡ ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಮಳೆಗಾಲ ಪೂರ್ತಿ. ಗೋಡೆ ಬರಿ ಗೋಡೆಯಾಗಿ ನೆನೆಯುತ್ತದೆ, ಅಮ್ಮ ಮಗಳು ಇನ್ನೊಂದು ಮಳೆಗಾಲ ಟಾರ್ಪಾಲಿನಡಿ. ಎಲ್ಲ ಅವನು ಕ್ಯಾಲೆಂಡರ್ ನೋಡದ ತಪ್ಪಿಗೆ. ಅವನು ಅಕ್ಕಯಮ್ಮನ ಮುಂದೆ ಹೋಗಿ ನಿಂತ.

"ಅಕ್ಕಾ, ತಪ್ಪು ನಂದು. ನೀವು ಹೆಂಗಂದ್ರೆ ಹಂಗೆ."

ಅಕ್ಕಯಮ್ಮ ಕಂಬಿ ಕಟ್ಟಿದ ಮಾಡಿನತ್ತ ನೋಡಿದಳು. ಆಮೇಲೆ ಮಗಳತ್ತ ನೋಡಿದಳು. ರೂಪ ಕಾಲೇಜಿನ ಹಳೇ ಕೋಟನ್ನೇ ಮೇಲೆ ಹಾಕಿಕೊಂಡು ಬಾಂಡ್ಲಿ ಹಿಡಿದು ಸಿದ್ಧವಾಗಿ ನಿಂತಿದ್ದಳು.

"ಮುನಿವೆಂಕಟಪ್ಪಣ್ಣಾ," ಎಂದು ಅಕ್ಕಯಮ್ಮ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಇವಳು ಯಾವತ್ತು ಹುಟ್ಟಿದ್ದು ಹೇಳು."

ತಾತ ಎಲೆ ಅಗಿಯುವುದನ್ನು ನಿಲ್ಲಿಸಿದ.

"ಹೇಳಣ್ಣಾ. ನಿನಗೆ ಗೊತ್ತು, ಊರಿಗೇ ಗೊತ್ತು. ಅಮಾಸೆ ದಿನ. ಹೆಣ್ಣು, ಅದೂ ಅಮಾಸೆ ಹೆಣ್ಣು ಅಂತ ನಮ್ಮತ್ತೆ ತೊಟ್ಲು ಕೂಡ ಕಟ್ಟಲಿಲ್ಲ. ನಾನು ಸೀರೆ ಕಟ್ಟಿ ತೂಗಿದೆ. ಇವತ್ತು ನಿನಗೆ ಬೀಪಿ ಏರಿದ್ರೆ ಯಾರ ಹತ್ರ ಕೈ ಚಾಚ್ತೀಯಾ? ಈ ಅಮಾಸೆ ಹೆಣ್ಣಿನ ಹತ್ರ. ನನಗೆ ಅಮಾಸೆ ಯಾವತ್ತೂ ಕೆಟ್ಟದ್ದು ಮಾಡಿಲ್ಲ, ಜನ ಮಾಡವ್ರೆ. ಹಾಕ್ರಪ್ಪಾ ಮೋಲ್ಡು."

ರೂಪ ಬಾಂಡ್ಲಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಸಿದ್ಧಾರ್ಥ ಇದನ್ನು ಇಂಗ್ಲಿಷಿಗೆ ತರಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಡ್ರೈವರಮ್ಮ ಟೋಪಿ ಹಾಕಿಕೊಂಡಳು. ಅವಳಿಗೆ ಅರ್ಧವೇ ಸಾಕಾಗಿತ್ತು.

"ಹಾಕೋದು ಸರಿ, ಯಾರು ಹಾಕೋದು?" ಎಂದು ತಾತ ಕೇಳಿದ. ಅದು ನ್ಯಾಯವಾದ ಪ್ರಶ್ನೆ.

ಅಕ್ಕಯಮ್ಮ ಸೆರಗಿನ ಗಂಟಿನಿಂದ ಫೋನ್ ತೆಗೆದಳು. ಯೂನಿಟ್ಟಿನಲ್ಲಿ ಅವಳ ಪಕ್ಕದ ತೊಟ್ಟಿ ಶಹಜಾದಿಯದು. ಶಹಜಾದಿಯ ಗಂಡ ನೂರುಲ್ಲಾ ಟೌನಿನಲ್ಲಿ ಮೋಲ್ಡ್ ಮೇಸ್ತ್ರಿ.

"ಶಹಜಾದೀ, ಎದ್ದಿದೀಯಾ? ನಿನ್ ಗಂಡ ಏನ್ ಮಾಡ್ತಾವ್ನೆ? ಮಲಗವ್ನಾ? ಎಬ್ಬಿಸೇ. ನಿನ್ನ ಜೊತೆ ಯೂನಿಟ್ಟಿನೋರ್ನೂ ಕರ್ಕೊಂಡ್ ಬಾ. ಇವತ್ತು ರಜ ತಾನೇ? ಬಟ್ಟೆ ಒಗೆಯೋದು ಯಾವತ್ತೂ ಇದ್ದಿದ್ದೇ ಕಣೇ."

ಮುಕ್ಕಾಲು ಗಂಟೆಯಲ್ಲಿ ಎರಡು ಲಗೇಜ್ ಆಟೋ ಬಂದವು. ಒಂದರಲ್ಲಿ ನೂರುಲ್ಲಾ, ಅವನ ನಾಲ್ಕೈದು ಜನ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರು. ಇನ್ನೊಂದರಲ್ಲಿ ಶಹಜಾದಿ ಮತ್ತು ಯೂನಿಟ್ಟಿನ ಹೆಂಗಸರು, ಬುರ್ಖಾದವರೂ ಕುಂಕುಮದವರೂ ಒತ್ತಿಕೊಂಡು. ನೂರುಲ್ಲಾ ಹಲಗೆಯನ್ನು ಕಾಲಿನಿಂದ ತಟ್ಟಿ ನೋಡಿದ.

"ಭಾಯ್, ಇವತ್ತು ಅಮಾವಾಸ್ಯೆ," ಎಂದು ಸಿದ್ಧಾರ್ಥ ಎಚ್ಚರಿಕೆಯಿಂದ ಹೇಳಿದ. ಈಗ ಅವನು ಎಲ್ಲರಿಗೂ ಮೊದಲೇ ಹೇಳಿಬಿಡುತ್ತಿದ್ದ.

"ನಮಗೂ ಗೊತ್ತು ಸಾರ್, ಚಂದ್ರ ಕಾಣಲ್ಲ. ಸಿಮೆಂಟಿಗೆ ಚಂದ್ರ ಯಾಕೆ? ನೀರು ಬಿಡಿ."

ಮಿಕ್ಸರ್ ಗುಡುಗಿತು. ಮಿಕ್ಸರಿನಿಂದ ಗೋಡೆಗೆ ಆನಿಸಿ ಕಟ್ಟಿದ ಸಾರ್ವೆಯವರೆಗೆ, ಸಾರ್ವೆಯಿಂದ ತಾರಸಿಯವರೆಗೆ ಜನ ಸಾಲು ನಿಂತರು. ಐರ್ಲೆಂಡಿನವನ ಕೈಯಿಂದ ಶಹಜಾದಿಗೆ, ಶಹಜಾದಿಯಿಂದ ರೂಪಳಿಗೆ, ರೂಪಳಿಂದ ಸಿದ್ಧಾರ್ಥನಿಗೆ ಬಾಂಡ್ಲಿಗಳು ಏರಿದವು. ಹೌದು, ಸಿದ್ಧಾರ್ಥನೂ ಸಾಲಿನಲ್ಲಿದ್ದ. ಮೊದಲ ಬಾಂಡ್ಲಿಯ ಅರ್ಧವನ್ನು ತನ್ನ ಹೊಸ ಶೂ ಮೇಲೆಯೇ ಹಾಕಿಕೊಂಡ. "ಸಾರ್, ಮೋಲ್ಡು ಮೇಲ್ಗಡೆ!" ಎಂದು ರೂಪ ನೆನಪಿಸಿದಳು.

ಮಧ್ಯಾಹ್ನದ ಹೊತ್ತಿಗೆ ಸಾಲು ಸಡಿಲವಾಗತೊಡಗಿತು. ಜನ ಸಾಲದು. ಒಬ್ಬೊಬ್ಬರೂ ನಾಲ್ಕು ಹೆಜ್ಜೆ ನಡೆದು ಕೊಡಬೇಕು. ಮೇಲಿನಿಂದ ನೂರುಲ್ಲಾ ಕೂಗುತ್ತಿದ್ದ, "ಬೇಗ! ಒಣಗ್ತಾ ಐತೆ! ನಿಲ್ಲಿಸಿದ್ರೆ ಕೆಟ್ತು!" ನಂದಿ ಬೆಟ್ಟದ ಕಡೆಯಿಂದ ಮೋಡ ಬೇರೆ. ಬೀದಿಯ ಮಿಕ್ಕವರು ಅವರವರ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದರು. ಅಮಾವಾಸ್ಯೆ ಮುರಿಯಲು ಯಾರಿಗೂ ಧೈರ್ಯವಿಲ್ಲ, ಒಳಗೆ ಹೋಗಲು ಯಾರಿಗೂ ಮನಸ್ಸಿಲ್ಲ.

ಡ್ರೈವರಮ್ಮ ತುಂಬಿದ ಬಾಂಡ್ಲಿಯನ್ನು ಹೊಟ್ಟೆಗೆ ಒತ್ತಿಕೊಂಡು ತಿಣುಕುತ್ತ ಬಂದಳು. ಮುನಿವೆಂಕಟಪ್ಪ ತಾತ ಬೆಳಿಗ್ಗೆಯಿಂದ ಅದನ್ನೇ ನೋಡಿ ನೋಡಿ ಹಲ್ಲು ಕಡಿಯುತ್ತಿದ್ದ. ಇನ್ನು ತಡೆಯಲಾಗಲಿಲ್ಲ.

"ಕಾದು ಕಾದು!" ಮೊದಲು ತೆಲುಗೇ ಬಾಯಿಗೆ ಬಂತು. "ಹಂಗಲ್ಲಮ್ಮೋ! ಸೊಂಟ ಮುರ್ಕೊಂತೀಯ!" ಜಗುಲಿಯಿಂದ ಇಳಿದೇಬಿಟ್ಟ. ತಲೆಯ ಟವೆಲ್ ಬಿಚ್ಚಿ ಸಿಂಬಿ ಸುತ್ತಿ ಅವಳ ನೆತ್ತಿಯ ಮೇಲಿಟ್ಟ, ಬಾಂಡ್ಲಿಯನ್ನು ಎತ್ತಿ ಅದರ ಮೇಲಿಟ್ಟ. "ಹಿಂಗೆ! ಇನ್ನೊಂದು ತಾ, ತೋರಿಸ್ತೀನಿ." ಇನ್ನೊಂದು ತೋರಿಸಿದ. ಇನ್ನೂ ಒಂದು ತೋರಿಸಿದ.

"ಏನ್ ತಾತಾ, ಅಮಾಸೆ ದಿನ ಕೆಲ್ಸಾ?" ಎಂದು ಸಾರ್ವೆಯ ಮೇಲಿಂದ ಸಿದ್ಧಾರ್ಥ ಕೂಗಿದ.

"ಕೆಲ್ಸ ಯಾವನ್ಲಾ ಮಾಡ್ತಾವ್ನೆ? ಹೇಳ್ಕೊಡ್ತಾ ಇದೀನಿ!"

ಆ ಒಂದು ಮಾತಿಗೇ ಬೀದಿ ಕಾಯುತ್ತಿತ್ತೇನೋ. ಹೇಳಿಕೊಡುವುದಕ್ಕೆ ಅಮಾವಾಸ್ಯೆಯ ಅಡ್ಡಿಯಿಲ್ಲ ಎಂದು ಎಲ್ಲರಿಗೂ ಒಟ್ಟಿಗೆ ತಿಳಿಯಿತು. ತಾತನ ಸೊಸೆ ಶ್ಯಾಮಲಮ್ಮ ಶಹಜಾದಿಗೆ ಹೇಳಿಕೊಡಲು ಬಂದಳು, ಮೂವತ್ತು ವರ್ಷ ಕೂಲಿ ಮಾಡಿದವರು ಐರ್ಲೆಂಡಿನವರಿಗೆ ಹೇಳಿಕೊಡಲು ಬಂದರು, ಏನೂ ಗೊತ್ತಿಲ್ಲದವರೂ ಸಿದ್ಧಾರ್ಥನಿಗೆ ಹೇಳಿಕೊಡಲು ಬಂದರು. ಸಾಲು ಭುಜಕ್ಕೆ ಭುಜ ತಾಗುವಷ್ಟು ಬಿಗಿಯಾಯಿತು. ಬಾಂಡ್ಲಿಗಳು ನೆಲ ಮುಟ್ಟದೆ ಹಾರಿದವು. ಕನ್ನಡ, ತೆಲುಗು, ಉರ್ದು, ಇಂಗ್ಲಿಷು ಎಲ್ಲ ಸೇರಿ ಒಂದೇ ಕೂಗಾಯಿತು. ಅವತ್ತು ಅನುವಾದಕನನ್ನು ಯಾರೂ ಕೇಳಲಿಲ್ಲ. ಅವನ ಜೀವನದ ಅತ್ಯಂತ ಸುಖದ ಮಧ್ಯಾಹ್ನ ಅದು.

ಹೊತ್ತು ಇಳಿಯುವಾಗ ಒಂದು ಮೂಲೆ ಉಳಿದಿತ್ತು. ನೂರುಲ್ಲಾ ಕೈ ಎತ್ತಿ ಸಾಲನ್ನು ತಡೆದ. "ಕೊನೇದು ಅಕ್ಕ ಹಾಕ್ಲಿ."

ಅಕ್ಕಯಮ್ಮ ಏಣಿ ಹತ್ತಿದಳು. ಬಾಂಡ್ಲಿಯನ್ನು ಮಗಳು ಕೆಳಗಿನಿಂದ ಕೊಟ್ಟಳು. ಸುರಿದಾಗ ಕಾಂಕ್ರೀಟು ಮೂಲೆ ತುಂಬಿ ನಿಂತಿತು. ನೂರುಲ್ಲಾ ಪಟ್ಟಿ ಎಳೆದು ಮಟ್ಟ ಮಾಡಿದ. ಕೆಳಗೆ ಬೀದಿಗೆ ಬೀದಿಯೇ ಶಿಳ್ಳೆ ಹಾಕಿತು. ಮೋಡ ಹನಿ ಹಾಕದೆ ಚಿಂತಾಮಣಿಯತ್ತ ಸರಿದುಹೋಯಿತು.

ಮಾರನೇ ದಿನ ವಿಮಾನಕ್ಕೆ ಹೊರಟ ವ್ಯಾನನ್ನು ಅಕ್ಕಯಮ್ಮ ರಸ್ತೆಯಲ್ಲೇ ಕೈ ಅಡ್ಡ ಹಾಕಿ ನಿಲ್ಲಿಸಿದಳು. "ಟೈಮಿಲ್ಲ ಅಕ್ಕಾ," ಎಂದ ಸಿದ್ಧಾರ್ಥ.

"ಎರಡು ವಾರ ನನ್ ಜಾಗದಲ್ಲಿ ಅವರು ಅವರ ಬಾಟ್ಲಿ ನೀರು ಕುಡಿದವ್ರೆ. ನನ್ ಮನೇಲಿ ಟೀ ಕುಡೀದೆ ಹೋಗೋ ಹಾಗಿಲ್ಲ ಅಂತ ಹೇಳು."

ಮನೆಯೊಳಗೆ ತಾರಸಿ ಹೊತ್ತ ಸೆಂಟ್ರಿಂಗ್ ಕಂಬಗಳ ಕಾಡು. ಕೂರಲು ಜಾಗವಿಲ್ಲ, ನೆಟ್ಟಗೆ ನಿಲ್ಲಲೂ ಇಲ್ಲ. ಒಂಬತ್ತು ಜನ ಕಂಬಗಳ ಸಂದಿಯಲ್ಲಿ ಬಗ್ಗಿ, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗಿಸಿಕೊಂಡು ಸ್ಟೀಲ್ ಲೋಟ ಹಿಡಿದರು. ಮೇಲಿನಿಂದ ಹಲಗೆಯ ಸಂದಿಯಲ್ಲಿ ತಣ್ಣನೆಯ ಸಿಮೆಂಟು ನೀರು ಡ್ರೈವರಮ್ಮನ ಬೆನ್ನಿಗೆ ತೊಟ್ಟಿಕ್ಕಿತು. ಅವಳು ಅಲುಗಾಡಲಿಲ್ಲ. ಬಾಗಿಲಲ್ಲಿ ಸೆರಗು ಸಿಕ್ಕಿಸಿ ನಿಂತ ಅಕ್ಕಯಮ್ಮ ಲೋಟಗಳನ್ನು ಒಂದೊಂದಾಗಿ ಗಮನಿಸಿದಳು.

"ಸಕ್ಕರೆ ಸಾಕಾ ಅಂತ ಕೇಳಪ್ಪಾ," ಎಂದಳು ಸಿದ್ಧಾರ್ಥನಿಗೆ, ಮನೆಯೊಡತಿಯ ಗತ್ತಿನಲ್ಲಿ.